‘ಆಡ್ ಹಾಕ್’ ಜಾಲಕ್ಕೆ ‘ತಾತ್ಕಾಲಿಕ’ ಸರಿಯೇ? (ನಾಳೆ ಬೆಳಿಗ್ಗೆಗೆ ಬೇಕು)

ಶಿವಮೊಗ್ಗದಿಂದ:
ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ವಿಜ್ಞಾನ ಪ್ರದರ್ಶನಕ್ಕೆ ಕನ್ನಡದಲ್ಲಿ ಫಲಕ ಬರೆಯುತ್ತಿದ್ದೇನೆ. ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ನೋಡಲು ಬರುವವರು ತೀರ್ಥಹಳ್ಳಿ, ಹೊಸನಗರ ಕಡೆಯ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳು. ಮೊಬೈಲ್ ವೈರ್‌ಲೆಸ್ ಆಡ್ ಹಾಕ್ ನೆಟ್‌ವರ್ಕ್‌ಗಳ ರೂಟಿಂಗ್ ಪ್ರೋಟೋಕಾಲ್‌ಗಳನ್ನು ಇವ್ಯಾಲ್ಯುಯೇಟ್ ಮಾಡುವುದು ಹೇಗೆ ಎಂಬುದು ವಿಷಯ. (ರೂಟಿಂಗ್ ಪ್ರೋಟೋಕಾಲ್ ಎಂದರೆ ಮಾಹಿತಿ ಯಾವ ದಾರಿಯಲ್ಲಿ ಹೋಗಬೇಕೆಂದು ತೀರ್ಮಾನಿಸುವ ನಿಯಮಗಳು.) ಸದ್ಯದ ತಲೆಬರಹ: ‘ತಾತ್ಕಾಲಿಕ ಸಂಚಾರಿ ನಿಸ್ತಂತು ಜಾಲಗಳ ಮಾರ್ಗನಿರ್ಣಯ ಶಿಷ್ಟಾಚಾರಗಳ ಮೌಲ್ಯಮಾಪನ’. ನನಗೆ ಸಮಾಧಾನವಿಲ್ಲ. ದಯವಿಟ್ಟು ತಿದ್ದಿ.

ಮೈಸೂರಿನಿಂದ:
ಇದರಲ್ಲಿ ‘ಗಳ’ ಬಿಟ್ಟರೆ ಕನ್ನಡವಿಲ್ಲ. ರೂಟಿಗೆ ‘ಬಟ್ಟೆ’ ಎಂಬ ಹಳಗನ್ನಡದ ಪದವಿದೆ. ಹೆದ್ದಾರಿಗೆ ‘ಹೆಬ್ಬಟ್ಟೆ’ ಎನ್ನುತ್ತಿದ್ದರು. ರೂಟಿಂಗ್ ‘ಬಟ್ಟೆಗಾಣಿಕೆ’, ನೆಟ್‌ವರ್ಕ್ ‘ಬಲೆ’. ಇಷ್ಟು ಸಾಕು.

ತೀರ್ಥಹಳ್ಳಿಯಿಂದ:
ಸಾಲದು. ‘ಬಟ್ಟೆ’ ಸಂಸ್ಕೃತದ ‘ವರ್ತ್ಮ’ದಿಂದ ಪ್ರಾಕೃತದ ಮೂಲಕ ಬಂದದ್ದು. ಎರವಲು ಬೇಡ ಎನ್ನುವವರು ಮೊದಲು ಅದನ್ನೇ ಕೈಬಿಡಬೇಕಾಗುತ್ತದೆ. ಇವತ್ತಿನ ಮಕ್ಕಳಿಗೆ ಬಟ್ಟೆ ಎಂದರೆ ಉಡುವುದು.

ಮೇಡಂ, ‘ಶಿಷ್ಟಾಚಾರ’ ತೆಗೆದುಬಿಡಿ. ಆಹ್ವಾನ ಪತ್ರಿಕೆಯಲ್ಲಿ ಶಾಸಕರ ಹೆಸರು ಬಿಟ್ಟುಹೋದರೆ ಆಗುವ ಗಲಾಟೆಗೆ ಆ ಪದ ಮೀಸಲಾಗಿದೆ. ‘ಪ್ರೋಟೋಕಾಲ್’ ಇರಲಿ.

‘ತಾತ್ಕಾಲಿಕ’ ತಪ್ಪು ಕಡೆಗೆ ಬೊಟ್ಟು ಮಾಡುತ್ತದೆ. ಲ್ಯಾಟಿನ್ನಿನ ಆಡ್ ಹಾಕ್ ಎಂದರೆ ‘ಇದಕ್ಕಾಗಿ’. ಹಿಂದಿಯವರ ‘ತದರ್ಥ’ ಅದಕ್ಕೆ ಸಮ, ಆದರೆ ನಮ್ಮ ಮಕ್ಕಳಿಗೆ ಗೊತ್ತಾಗದು. ಇಲ್ಲಿ ಜಾಲ ಎಷ್ಟು ದಿನ ಬಾಳುತ್ತದೆ ಎನ್ನುವುದು ಮುಖ್ಯವಲ್ಲ. ನಡುವೆ ಟವರ್ ಇಲ್ಲ. ಪ್ರತಿ ಸಾಧನವೂ ತನ್ನ ಮಾತು ಕಳಿಸುವುದಲ್ಲದೆ ಬೇರೆಯವರ ಪ್ಯಾಕೆಟ್‌ಗಳನ್ನೂ (ಮಾಹಿತಿಯ ಸಣ್ಣ ಕಟ್ಟುಗಳನ್ನೂ) ಮುಂದಕ್ಕೆ ದಾಟಿಸಬೇಕು. ‘ಟವರ್ ಇಲ್ಲದ’ ಎಂದೇ ಬರೆಯಿರಿ. ಆಗುಂಬೆ ಘಾಟಿಯ ಕಡೆಯ ಮಕ್ಕಳಿಗೆ ಆ ಮಾತನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ನನ್ನ ದೊಡ್ಡ ತಕರಾರು ‘ಮೌಲ್ಯಮಾಪನ’ದ ಮೇಲೆ. ನಮ್ಮಲ್ಲಿ ಅದು ಉತ್ತರಪತ್ರಿಕೆ ತಿದ್ದಿ ಅಂಕ ಕೊಡುವ ಕೆಲಸ. ಈ ಪ್ರೋಟೋಕಾಲ್‌ಗಳಿಗೆ ಒಂದೇ ಅಂಕ ಕೊಡಲು ಬರುವುದಿಲ್ಲ. 1999ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 2501 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ತಂತ್ರಜ್ಞರ ದಾಖಲೆ ಸರಣಿ) ಇದಕ್ಕೆಂದೇ ಬರೆದದ್ದು. ಎಷ್ಟು ದತ್ತಾಂಶ ತಲುಪಿತು, ಎಷ್ಟು ತಡವಾಯಿತು, ಕೇಳಿದ ಮೇಲೆ ದಾರಿ ಸಿಗಲು ಎಷ್ಟು ಹೊತ್ತು ಹಿಡಿಯಿತು, ಕ್ರಮ ತಪ್ಪಿ ಬಂದವು ಎಷ್ಟು, ತಲುಪಿದ ಪ್ರತಿ ಬಿಟ್‌ಗೆ ದಾರಿ ನೋಡಿಕೊಳ್ಳುವ ನಿಯಂತ್ರಣದ ಬಿಟ್‌ಗಳು ಎಷ್ಟು ಖರ್ಚಾದವು: ಇವೆಲ್ಲ ಬೇರೆ ಬೇರೆ ಅಳತೆಗಳು. ಜಾಲದ ಗಾತ್ರ, ಸಾಧನಗಳ ನಡುವಿನ ಕೊಂಡಿಗಳು ಎಷ್ಟು ಬೇಗ ಬದಲಾಗುತ್ತವೆ, ಒಂದೇ ದಿಕ್ಕಿಗೆ ಕೇಳಿಸುವ ಕೊಂಡಿಗಳೆಷ್ಟು, ನಿದ್ರಿಸುವ ಸಾಧನಗಳೆಷ್ಟು ಎಂಬುದನ್ನೂ ಹೇಳದೆ ಅಳತೆ ಕೊಟ್ಟರೆ ಅರ್ಥವಿಲ್ಲ.

ಎಒಡಿವಿ ಎಂಬ ಪ್ರೋಟೋಕಾಲ್ (2003ರ ಆರ್‌ಎಫ್‌ಸಿ 3561) ಬೇಕಾದಾಗ ಮಾತ್ರ ದಾರಿ ಹುಡುಕುತ್ತದೆ, ಹಾಗಾಗಿ ಮೊದಲ ಪ್ಯಾಕೆಟ್ ಕಾಯಬೇಕು. ಅದೇ ವರ್ಷದ ಒಎಲ್‌ಎಸ್‌ಆರ್ ಎಂಬ ಇನ್ನೊಂದು ಪ್ರೋಟೋಕಾಲ್ ದಾರಿಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಂಡಿರುತ್ತದೆ. ಯಾರೂ ಮಾತಾಡದಿದ್ದರೂ ಅದರ ನಿಯಂತ್ರಣ ಸಂದೇಶಗಳು ಓಡಾಡುತ್ತಲೇ ಇರುತ್ತವೆ. 1998ರ ಹೆಸರಾಂತ ಕಂಪ್ಯೂಟರ್ ಸಿಮ್ಯುಲೇಶನ್ನಿನಲ್ಲಿ, 1500 ಮೀಟರ್ ಉದ್ದ 300 ಮೀಟರ್ ಅಗಲದ ಜಾಗದಲ್ಲಿ 50 ಸಾಧನಗಳನ್ನು 900 ಸೆಕೆಂಡು ಓಡಾಡಿಸಿ ನಾಲ್ಕು ಪ್ರೋಟೋಕಾಲ್‌ಗಳನ್ನು ಹೋಲಿಸಿದರು. ಚಲನೆ ಕಡಿಮೆ ಇದ್ದಾಗ ಚೆನ್ನಾಗಿ ನಡೆದ, ಅವುಗಳಲ್ಲಿ ಒಂದಾದ ಡಿಎಸ್‌ಡಿವಿ, ಚಲನೆ ಹೆಚ್ಚಿದಾಗ ಕುಸಿಯಿತು. ಅಂಥದ್ದಕ್ಕೆ ಎಷ್ಟು ಅಂಕ ಕೊಡುತ್ತೀರಿ? ‘ತುಲನೆ’ ಎನ್ನಿ.

ಮೈಸೂರಿನಿಂದ:
‘ಒರೆಗೆ ಹಚ್ಚುವುದು’ ಎಂಬ ಅಚ್ಚಗನ್ನಡ ನುಡಿಯಿರುವಾಗ ‘ತುಲನೆ’ ಯಾಕೆ? ಟವರ್, ಪ್ಯಾಕೆಟ್, ಖರ್ಚು, ತಕರಾರು... ಒಂದೇ ಓಲೆಯಲ್ಲಿ ಇಂಗ್ಲಿಷು, ಪಾರಸಿ, ಅರಬ್ಬಿ ಎಲ್ಲ ಬಂದವು.

ತೀರ್ಥಹಳ್ಳಿಯಿಂದ:
ಒರೆಗಲ್ಲು ಚಿನ್ನ ಎಷ್ಟು ಶುದ್ಧ ಎಂಬ ಒಂದೇ ಸಂಗತಿ ಹೇಳುತ್ತದೆ. ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದಿ.

ಸಾಗರದಿಂದ:
ಖರ್ಚು, ಬಾಕಿ, ರಸೀದಿ, ದಲಾಲಿ ಇವನ್ನೆಲ್ಲ ಹೊರಹಾಕಿದರೆ ನಮ್ಮ ಅಡಿಕೆ ಮಂಡಿಯಲ್ಲಿ ಒಂದು ಚೀಟಿಯನ್ನೂ ಬರೆಯಲಾಗದು. ನಮ್ಮ ಅಜ್ಜಂದಿರು ಈ ಪದಗಳಲ್ಲೇ ಲೆಕ್ಕ ಬರೆದರು. ಅವರ ಕನ್ನಡವನ್ನು ಕೆಟ್ಟ ಕನ್ನಡ ಎನ್ನುವ ಧೈರ್ಯ ನನಗಿಲ್ಲ. ಹಾಗೆಂದು ಇಂಗ್ಲಿಷನ್ನು ಇಡಿಯಾಗಿ ಸುರಿಯುವುದೂ ಬೇಡ. ರೂಟಿಂಗ್‌ಗೆ ‘ದಾರಿ ಹುಡುಕುವ’ ಎಂದರೆ ಏನು ಕಡಿಮೆಯಾಗುತ್ತದೆ?

ಮೈಸೂರಿನಿಂದ:
ಅಜ್ಜಂದಿರಿಗೆ ಆಯ್ಕೆ ಇರಲಿಲ್ಲ. ಕಚೇರಿಯ ನುಡಿ ಮೇಲಿನಿಂದ ಬಂತು. ನಮಗೆ ಆಯ್ಕೆ ಇದೆ. ಈಗ ಕಟ್ಟದ ಪದವನ್ನು ಇನ್ನೆಂದು ಕಟ್ಟುತ್ತೀರಿ?

ಶಿವಮೊಗ್ಗದಿಂದ:
ಎಲ್ಲರಿಗೂ ಧನ್ಯವಾದ. ಅಂಗಡಿಗೆ ಹೀಗೆ ಕಳಿಸುತ್ತಿದ್ದೇನೆ: ‘ಟವರ್ ಇಲ್ಲದ ಸಂಚಾರಿ ಜಾಲಗಳು: ದಾರಿ ಹುಡುಕುವ ಪ್ರೋಟೋಕಾಲ್‌ಗಳ ತುಲನೆ’. ಟವರ್ ಇಲ್ಲವೆಂದ ಮೇಲೂ ತಂತಿ ಇರಬಹುದು, ಆದ್ದರಿಂದ ‘ನಿಸ್ತಂತು’ವನ್ನು ಕೆಳಗಿನ ಸಾಲಿಗೆ ಇಳಿಸಿ ಉಳಿಸಿಕೊಂಡಿದ್ದೇನೆ. ನಿಯಂತ್ರಣದ ಓವರ್‌ಹೆಡ್‌ಗೆ ‘ಮೇಲುಖರ್ಚು’ ಎಂದು ಬರೆದಿದ್ದೇನೆ, ಅದನ್ನು ಬದಲಿಸುವುದಿಲ್ಲ.