ತುಲೂಸ್ ಸುತ್ತಮುತ್ತ ಮೋಟಾರು ವಾಹನಗಳಿಲ್ಲದ ಸೈಕಲ್ ದಾರಿಗಳು: ಸಲಹೆ ಬೇಕಾಗಿದೆ

ಪ್ರಶ್ನೆ (ಮೈಸೂರು ಸವಾರ)

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ದಕ್ಷಿಣ ಫ್ರಾನ್ಸಿನ ತುಲೂಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಬರುವ ಸೆಪ್ಟೆಂಬರ್‌ನಲ್ಲಿ ನಾನೂ ನನ್ನ ಪತ್ನಿಯೂ ಅವಳಲ್ಲಿಗೆ ಹೋಗುವವರಿದ್ದು, ಅಲ್ಲಿ ಸೈಕಲ್ ಬಾಡಿಗೆಗೆ ಪಡೆದು ಹಳ್ಳಿಗಾಡಿನಲ್ಲಿ ಕೆಲವು ದಿನ ಸವಾರಿ ಮಾಡಬೇಕೆಂದುಕೊಂಡಿದ್ದೇವೆ. ಇಬ್ಬರಿಗೂ 28 ಮಿ.ಮೀ. ಟೈರಿನ ರೋಡ್ ಬೈಕ್ ಅಭ್ಯಾಸವಾಗಿದೆ. ದಿನಕ್ಕೆ 50ರಿಂದ 60 ಕಿ.ಮೀ. ನಮಗೆ ಕಷ್ಟವಲ್ಲ. ಆದರೆ ಲಾರಿ, ಕಾರುಗಳ ನಡುವೆ ಸವಾರಿ ಮಾಡಲು ನನ್ನ ಪತ್ನಿಗೆ ಸ್ವಲ್ಪವೂ ಇಷ್ಟವಿಲ್ಲ. ಬಲಬದಿಯ ಸಂಚಾರವಂತೂ ನಮ್ಮಿಬ್ಬರಿಗೂ ಹೊಸತು.

ಕನಾಲ್ ದು ಮಿದಿ ಎಂಬ ಹಳೆಯ ಕಾಲುವೆಯ ದಂಡೆಯ ದಾರಿಯ ಹೆಸರನ್ನು ಎಲ್ಲರೂ ಹೇಳುತ್ತಾರೆ. ತೆಳು ಟೈರಿನಲ್ಲಿ ಅದರ ಉದ್ದಕ್ಕೂ ಹೋಗಬಹುದೇ? ಮೋಟಾರು ವಾಹನಗಳಿಲ್ಲದ, ಡಾಂಬರು ಹಾಕಿದ, ದಾರಿಯಲ್ಲಿ ಹಳೆಯ ಮಠ, ದೇವಾಲಯ, ಊರುಗಳನ್ನು ನಿಧಾನವಾಗಿ ನೋಡಬಹುದಾದ ಮಾರ್ಗ ಯಾವುದೆಂದು ಅಲ್ಲಿ ಓಡಾಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ತುಲೂಸ್ ನಿವಾಸಿ)

ನಮಸ್ಕಾರ ಸರ್. ನೇರವಾಗಿ ಹೇಳುವುದಾದರೆ, ನಿಮ್ಮ ಟೈರಿಗೂ ನಿಮ್ಮ ಪತ್ನಿಯವರ ನೆಮ್ಮದಿಗೂ ಹೊಂದುವುದು ಕನಾಲ್ ದು ಮಿದಿಯಲ್ಲ. ತುಲೂಸ್‌ನಿಂದಲೇ ವಾಯವ್ಯಕ್ಕೆ ಹೊರಡುವ ಗಾರೋನ್ ಕಾಲುವೆ. ಎರಡು ಕಾಲುವೆಗಳೂ ಊರಿನ ಪೋಂ ಜ್ಯುಮೋ ಎಂಬಲ್ಲಿ ಸಂಧಿಸುತ್ತವೆ. ಅಲ್ಲಿ ನಿಂತು ಯಾವ ಕಡೆ ತಿರುಗುತ್ತೀರಿ ಎಂಬುದೇ ನಿಮ್ಮ ಪ್ರವಾಸವನ್ನು ನಿರ್ಧರಿಸುತ್ತದೆ.

ಮೊದಲು ಮಿದಿಯ ವಿಷಯ. ಉಪ್ಪಿನ ತೆರಿಗೆ ವಸೂಲಿಯ ಗುತ್ತಿಗೆದಾರನಾಗಿದ್ದ ಪಿಯೆರ್ ಪೋಲ್ ರಿಕೆ 1666ರಲ್ಲಿ ಕಾಮಗಾರಿ ಆರಂಭಿಸಿ, ಕಾಲುವೆ ಬಳಕೆಗೆ ತೆರೆಯುವ ಮುಂಚಿನ ವರ್ಷವೇ, ಅಂದರೆ 1680ರಲ್ಲಿ, ತೀರಿಕೊಂಡ. ಬೇಸಿಗೆಯಲ್ಲಿ ಕಾಲುವೆಗೆ ನೀರು ಎಲ್ಲಿಂದ ತರುವುದೆಂಬ ಪ್ರಶ್ನೆ ಅದಕ್ಕೂ ಹಿಂದಿನವರನ್ನೆಲ್ಲ ಕಾಡಿತ್ತು. ರಿಕೆ ಕಪ್ಪುಬೆಟ್ಟಗಳ ತೊರೆಗಳನ್ನು ಸಾಂ ಫೆರೆಯೋಲ್‌ನಲ್ಲಿ ಅಣೆಕಟ್ಟು ಕಟ್ಟಿ ಹಿಡಿದು, ಸಣ್ಣ ನಾಲೆಯ ಮೂಲಕ ನೊರೂಜ್ ದಿಣ್ಣೆಗೆ ಹರಿಸಿದ. ಆ ದಿಣ್ಣೆಯಲ್ಲಿ ನೀರು ಎರಡಾಗಿ ಒಡೆದು ಒಂದು ಪಾಲು ಅಟ್ಲಾಂಟಿಕ್ ಕಡೆಗೂ ಇನ್ನೊಂದು ಮೆಡಿಟರೇನಿಯನ್ ಕಡೆಗೂ ಹರಿಯುವುದನ್ನು ಕಣ್ಣಾರೆ ನೋಡಬಹುದು. ತುಲೂಸ್‌ನಿಂದ ಅಲ್ಲಿಯವರೆಗೆ, ಸುಮಾರು 50 ಕಿ.ಮೀ., ದಾರಿ ಬಹುಮಟ್ಟಿಗೆ ಡಾಂಬರಿನದು. ಆದ್ದರಿಂದ ಒಂದು ದಿನ ನೊರೂಜ್‌ಗೆ ಖಂಡಿತ ಹೋಗಿ ಬನ್ನಿ. ಅದರಾಚೆ ಕಾರ್ಕಾಸೋನ್ ಕಡೆಗೆ ಹೆಚ್ಚಿನ ಭಾಗ ಮಣ್ಣು, ಜಲ್ಲಿ ಮತ್ತು ಮರದ ಬೇರುಗಳ ದಾರಿ; ಕೆಲವೆಡೆ ಸುಧಾರಿಸಿದ್ದಾರೆ, ಆದರೂ ತೆಳು ಟೈರಿನವರು ಕಣ್ಣನ್ನು ನೆಲಕ್ಕೇ ನೆಟ್ಟುಕೊಂಡು ಹೋಗಬೇಕಾಗುತ್ತದೆ. ನೆರಳಿನ ವಿಷಯದಲ್ಲೂ ಒಂದು ಮಾತು: ಕಾಲುವೆಯ ದಂಡೆಯಲ್ಲಿರುವ ‘ಪ್ಲೇನ್’ ಎಂಬ ಜಾತಿಯ ನೆರಳಿನ ಮರಗಳಿಗೆ ಶಿಲೀಂಧ್ರ ರೋಗ ತಗುಲಿರುವುದು 2006ರಲ್ಲಿ ಗೊತ್ತಾದ ಮೇಲೆ ಸಾವಿರಾರು ಮರಗಳನ್ನು ಕಡಿದು ಸುಡಬೇಕಾಯಿತು. ಚಿತ್ರಗಳಲ್ಲಿ ನೀವು ಕಂಡಿರುವ ಹಸಿರು ಚಪ್ಪರ ಎಲ್ಲ ಕಡೆ ಉಳಿದಿಲ್ಲ. ಮರುನಾಟಿ ನಡೆದಿದೆ, ಸಸಿಗಳು ಇನ್ನೂ ಎಳೆಯವು.

ಇನ್ನು ಗಾರೋನ್ ಕಾಲುವೆ. ಇದು 1856ರಲ್ಲಿ ಪೂರ್ಣಗೊಂಡದ್ದು. ತುಲೂಸ್‌ನಿಂದ ಕಾಸ್ತೆ ಆಂ ದೋರ್ತ್‌ವರೆಗೆ 193 ಕಿ.ಮೀ. ಹಿಂದೆ ಕುದುರೆಗಳು ದಂಡೆಯ ಮೇಲೆ ನಡೆಯುತ್ತ ಹಗ್ಗದಿಂದ ದೋಣಿ ಎಳೆಯುತ್ತಿದ್ದ ದಾರಿಯೇ ಇಂದು ಡಾಂಬರು ಹಾಕಿದ ಸೈಕಲ್ ದಾರಿ. ಕುದುರೆ ನಡೆಯಲೆಂದು ಮಾಡಿದ ದಾರಿಯಾದ್ದರಿಂದ ಏರು ಎಂಬುದೇ ಇಲ್ಲ. ದೋಣಿಗಳನ್ನು ಏರಿಸಿ ಇಳಿಸುವ ಲಾಕ್ ಗೇಟುಗಳ ಪಕ್ಕದಲ್ಲಿ ಮಾತ್ರ ನಾಲ್ಕೈದು ಪೆಡಲ್ ಹೆಚ್ಚು ತುಳಿಯಬೇಕು. ರಸ್ತೆ ಅಡ್ಡ ಬರುವ ಕಡೆ ವೇಗ ತಗ್ಗಿಸಲು ತಡೆಗಂಬಗಳಿರುತ್ತವೆ. ಬೇರುಗಳು ಡಾಂಬರನ್ನು ಎತ್ತಿರುವ ಕಡೆ ಹ್ಯಾಂಡಲ್ ಗಟ್ಟಿಯಾಗಿ ಹಿಡಿಯಿರಿ.

ಕಾಲುವೆಯ 64ನೆಯ ಕಿಲೋಮೀಟರಿನಲ್ಲಿ ಮ್ವಾಸಾಕ್ ಸಿಗುತ್ತದೆ. ಈ ಊರಿಗಾಗಿ ಅರ್ಧ ದಿನ ಎತ್ತಿಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಊರಿಗೆ ಮುನ್ನ ಕಾಲುವೆಯೇ ಕಲ್ಲುಸೇತುವೆ ಏರಿ ತಾರ್ನ್ ನದಿಯನ್ನು ದಾಟುತ್ತದೆ. 1930ರ ಮಹಾಪ್ರವಾಹದಲ್ಲಿ ರೈಲ್ವೆ ಸೇತುವೆ ಕೊಚ್ಚಿಹೋದಾಗ ಕೆಲಕಾಲ ರೈಲುಗಳನ್ನೂ ಈ ಸೇತುವೆಯ ಮೇಲೆಯೇ ಓಡಿಸಿದ್ದರು. ಸಾಂ ಪಿಯೆರ್ ಮಠದ ಕಂಬಸಾಲಿನ ಅಂಗಳ ಕ್ರಿ.ಶ. 1100ರದು. ಅದರ 76 ಕಂಬತಲೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಬೇಲೂರಿನ ಜಗತಿಯ ಮೇಲೆ ಗಂಟೆಗಟ್ಟಲೆ ನಿಂತು ನೋಡುವವರು ಇಲ್ಲೂ ಹಾಗೆಯೇ ನಿಲ್ಲುತ್ತಾರೆ. ದಕ್ಷಿಣ ಬಾಗಿಲಿನ ಮೇಲೆ ಕ್ರಿಸ್ತನ ಸುತ್ತ ಕುಳಿತ, ಬೈಬಲಿನಲ್ಲಿ ಬರುವ 24 ಹಿರಿಯರ ಕತ್ತುಗಳನ್ನು ಗಮನಿಸಿ. ಶಿಲ್ಪಿ ಒಬ್ಬೊಬ್ಬರ ಕತ್ತನ್ನೂ ಒಂದೊಂದು ಬಗೆಯಲ್ಲಿ ತಿರುಗಿಸಿ, ಎಲ್ಲರ ನೋಟವನ್ನೂ ನಡುವಿನ ಮೂರ್ತಿಯ ಕಡೆಗೆ ಎಳೆದಿದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಹಳಿ ಹಾಕುವಾಗ ಮಠದ ಊಟದ ಮನೆಯನ್ನು ಕೆಡವಿದರು. ಅಂಗಳ ಉಳಿದದ್ದು ನಮ್ಮ ಪುಣ್ಯ.

ಮುಂದೆ 107ನೆಯ ಕಿಲೋಮೀಟರಿನಲ್ಲಿ ಆಜೆನ್. ಅಲ್ಲಿ 23 ಕಮಾನುಗಳ, ಅರ್ಧ ಕಿಲೋಮೀಟರಿಗೂ ಮಿಕ್ಕ ಉದ್ದದ ಸೇತುವೆಯ ಮೇಲೆ ಕಾಲುವೆ ಗಾರೋನ್ ನದಿಯನ್ನು ದಾಟುತ್ತದೆ, ಅದರ ಪಕ್ಕದಲ್ಲೇ ನೀವೂ ದಾಟುತ್ತೀರಿ.

ಉತ್ತರ (ತೂರ್‌ನಲ್ಲಿ ಓದುತ್ತಿರುವವಳು)

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಫ್ರಾನ್ಸಿನ ಚರಿತ್ರೆಯನ್ನೇ ಮುಖ್ಯವಾಗಿ ನೋಡಬೇಕೆಂದಿದ್ದರೆ ತುಲೂಸ್‌ನಿಂದ ದೂರ ಉತ್ತರದಲ್ಲಿರುವ ಲ್ವಾರ್ ನದಿಯ ಕಣಿವೆಯನ್ನು ಬಿಟ್ಟುಬಿಡುವುದು ಸರಿಯಲ್ಲ. ನದಿಯ ಗುಂಟ ಸುಮಾರು 900 ಕಿ.ಮೀ. ಉದ್ದಕ್ಕೆ ಸೈಕಲ್ ಮಾರ್ಗವನ್ನು ಗುರುತಿಸಿ ಫಲಕಗಳನ್ನು ನೆಟ್ಟಿದ್ದಾರೆ. ಕವಲುದಾರಿಯಲ್ಲಿ ನಿಂತು ಯೋಚಿಸುವ ಪ್ರಸಂಗ ಅಪರೂಪ.

ಒಂದು ವಿಷಯ ಮೊದಲೇ ತಿಳಿದಿರಲಿ. ಫ್ರಾನ್ಸಿನಲ್ಲಿ ‘ವ್ವಾ ವೆರ್ತ್’ ಎಂದು ಫಲಕವಿರುವ ದಾರಿ ಕಾನೂನಿನ ಪ್ರಕಾರ ಪಾದಚಾರಿಗಳು, ಸೈಕಲ್ಲಿನವರು ಮುಂತಾದ ಮೋಟಾರಿಲ್ಲದವರಿಗೆ ಮೀಸಲು. ‘ವೆಲೊರೂತ್’ ಎಂಬ ದೂರಮಾರ್ಗಗಳಲ್ಲಿ ಅಂಥ ದಾರಿಯೂ ಇರುತ್ತದೆ, ಹಳ್ಳಿಯವರ ಕಾರು ಓಡಾಡುವ ಸಣ್ಣ ರಸ್ತೆಯೂ ಇರುತ್ತದೆ. ಲ್ವಾರ್ ಮಾರ್ಗ ಎರಡನೆಯ ಬಗೆಯದು. ಪ್ರವಾಹ ತಡೆಯಲು ಕಟ್ಟಿದ ಏರಿಗಳ ಮೇಲೆ ಹೋಗುವಾಗ ಕೆಲವು ಕಡೆ ಕಾರುಗಳು ಎದುರಾಗುತ್ತವೆ.

ಇಡೀ ಮಾರ್ಗ ಬೇಡ. ಬ್ಲ್ವಾ ಊರಿನಿಂದ ಶಾಂಬೋರ್ ಅರಮನೆಗೆ ಒಂದು ದಿನ ಹೋಗಿ ಬನ್ನಿ. ದೊರೆ ಒಂದನೆಯ ಫ್ರಾನ್ಸ್ವಾ 1519ರಲ್ಲಿ ಕಟ್ಟಿಸಲು ಆರಂಭಿಸಿದ ಅರಮನೆ ಅದು. 32 ಕಿ.ಮೀ. ಸುತ್ತಳತೆಯ ಗೋಡೆಯೊಳಗಿನ ಕಾಡಿನಲ್ಲಿ ಸೈಕಲ್ಲಿಗೆ ಪ್ರತ್ಯೇಕ ದಾರಿಗಳಿವೆ. ನನಗೆ ಅದಕ್ಕಿಂತ ಪ್ರಿಯವಾದದ್ದು ಕಾಂದ್ ಸಾಂ ಮಾರ್ತಾಂನಿಂದ ಸೊಮ್ಯೂರ್‌ವರೆಗಿನ ಭಾಗ. ಅಲ್ಲಿನ ಬಿಳಿಯ ಮೆದುಗಲ್ಲನ್ನು ಅರಮನೆಗಳಿಗಾಗಿ ಕೊರೆದು ಸಾಗಿಸಿದ ಮೇಲೆ ಉಳಿದ ಗುಹೆಗಳಲ್ಲಿ ಜನ ಮನೆ ಮಾಡಿಕೊಂಡರು, ದ್ರಾಕ್ಷಾರಸ ಇಟ್ಟರು, ಅಣಬೆ ಬೆಳೆದರು. ಸುಜೆ ಎಂಬ ಹಳ್ಳಿಯಲ್ಲಿ ಮಾರ್ಗ ಬಂಡೆಯ ಒಳಗೇ ನುಗ್ಗುತ್ತದೆ: ಹೊರಗೆ ಬಿಸಿಲು, ಒಳಗೆ ತಣ್ಣನೆಯ ಗಾಳಿ, ಮುಟ್ಟಿದರೆ ಬೆರಳಿಗೆ ಬಿಳಿ ಪುಡಿ ಅಂಟುವ ಗೋಡೆ. ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಸರಿ. ಸಮೀಪದ ಫೋಂತೆವ್ರೊ ಮಠದಲ್ಲಿ ಇಂಗ್ಲೆಂಡಿನ ಎರಡನೆಯ ಹೆನ್ರಿ, ರಾಣಿ ಎಲಿಯನೋರ್ ಮತ್ತು ಅವರ ಮಗ ಸಿಂಹಹೃದಯಿ ರಿಚರ್ಡ್‌ನ ಸಮಾಧಿ ಮೂರ್ತಿಗಳಿವೆ. ಮಲಗಿದ ರಾಣಿಯ ಕೈಯಲ್ಲಿ ತೆರೆದ ಪುಸ್ತಕವಿದೆ.

ಮರುಪ್ರಶ್ನೆ (ಮೈಸೂರು ಸವಾರ)

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಗಾರೋನ್ ಕಾಲುವೆಯನ್ನು ಹಿಡಿಯುವುದೆಂದು ನಿರ್ಧರಿಸಿದ್ದೇವೆ. ಅದು ಮುಗಿದ ಮೇಲೆ ಬೋರ್ದೋ ನಗರಕ್ಕೆ ಸೈಕಲ್ಲಿನಲ್ಲೇ ತಲುಪಬಹುದೇ? ನಡುವೆ ದಣಿವಾದರೆ ರೈಲಿನಲ್ಲಿ ಸೈಕಲ್ ಬಿಡುತ್ತಾರೆಯೇ? ಮಗಳನ್ನು ನೋಡಿದ ಬಳಿಕ ಲಿಯೋಂನಲ್ಲಿರುವ ಬಂಧುಗಳ ಮನೆಗೂ ಹೋಗುವುದಿದೆ. ಆ ಕಡೆ ಇಂಥ ದಾರಿ ಇದೆಯೇ?

ಉತ್ತರ (ಲಿಯೋಂ ನಿವಾಸಿ)

ಇದೆ, ತೆಳು ಟೈರಿಗೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಬರ್ಗಂಡಿಯ ಜಿವ್ರಿಯಿಂದ ಕ್ಲುನಿಗೆ 44 ಕಿ.ಮೀ. ಹಳೆಯ ರೈಲುಮಾರ್ಗವನ್ನು 1997ರಲ್ಲಿ ಡಾಂಬರು ಹಾಕಿ ಸೈಕಲ್ ದಾರಿಯಾಗಿ ತೆರೆದರು. ಲಿಯೋಂನಿಂದ ಪ್ರಾದೇಶಿಕ ರೈಲಿನಲ್ಲಿ ಶಾಲೋಂಗೆ ಬಂದು, ಅಲ್ಲಿಂದ ಜಿವ್ರಿಗೆ ಸವಾರಿ ಮಾಡಬಹುದು. ರೈಲು ಹತ್ತಲಾರದ ಏರು ಅಲ್ಲಿಲ್ಲ. ಬದಿಯಲ್ಲಿ ದ್ರಾಕ್ಷಿ ತೋಟ, ಬಿಳಿ ದನಗಳ ಹುಲ್ಲುಗಾವಲು, ಹಳೆಯ ನಿಲ್ದಾಣದ ಕಟ್ಟಡಗಳು. ಕ್ಲುನಿಯ ಮಠ 910ರಲ್ಲಿ ಸ್ಥಾಪನೆಯಾದದ್ದು. ಅದರ ಮೂರನೆಯ ಚರ್ಚು ರೋಮಿನ ಸೇಂಟ್ ಪೀಟರ್ಸ್ ಕಟ್ಟುವವರೆಗೆ ಕ್ರೈಸ್ತ ಲೋಕದಲ್ಲೇ ದೊಡ್ಡದಾಗಿತ್ತು. ಫ್ರೆಂಚ್ ಕ್ರಾಂತಿಯ ನಂತರ ಅದನ್ನು ಮಾರಿ, ಕಲ್ಲಿಗಾಗಿ ಕೆಡವಿದರು. ಉಳಿದಿರುವ ಒಂದು ಗೋಪುರವನ್ನು ತಲೆಯೆತ್ತಿ ನೋಡಿದರೇ ಕಳೆದುಕೊಂಡದ್ದೆಷ್ಟೆಂದು ತಿಳಿಯುತ್ತದೆ.

ಕ್ಲುನಿಯಿಂದ ಮಾಕೋಂ ಕಡೆಗೆ ಬ್ವಾ ಕ್ಲೇರ್ ಸುರಂಗವಿದೆ, ಉದ್ದ 1.6 ಕಿ.ಮೀ. ಚಳಿಗಾಲದಲ್ಲಿ ಬಾವಲಿಗಳ ನಿದ್ರೆಗೆ ಭಂಗವಾಗದಿರಲೆಂದು ಅದನ್ನು ಮುಚ್ಚುತ್ತಾರೆ. ಸೆಪ್ಟೆಂಬರ್‌ನಲ್ಲಿ ನಿಮಗೆ ತೆರೆದಿರುತ್ತದೆ. ಒಳಗೆ ಚಳಿ ಇರುತ್ತದೆ, ಸ್ವೆಟರ್ ಕೈಗೆ ಸಿಗುವಂತಿರಲಿ, ಸೈಕಲ್ಲಿಗೆ ದೀಪವೂ ಇರಲಿ.

ಉತ್ತರ (ತುಲೂಸ್ ನಿವಾಸಿ)

ಬೋರ್ದೋ ತಲುಪಬಹುದು ಸರ್. ಕಾಲುವೆ ಬಿಟ್ಟ ಮೇಲೆ ಸೊವ್‌ತೆರ್ ಎಂಬ ಕೋಟೆಯೂರಿನವರೆಗೆ ಗುಡ್ಡದ ಸಣ್ಣ ರಸ್ತೆಗಳಲ್ಲಿ ಹೋಗಬೇಕು. ಇಡೀ ಪ್ರಯಾಣದಲ್ಲಿ ಕಾರುಗಳ ಜೊತೆ ಸಾಗಬೇಕಾದ ಮುಖ್ಯ ಭಾಗ ಇದೇ. ಹಳ್ಳಿಯೊಳಗೆ ಬೇರೆ ಫಲಕವಿಲ್ಲದ ಕಡೆ ಬಲಗಡೆಯ ಬೀದಿಯಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು, ಅದು ಚಿಕ್ಕ ಓಣಿಯಾಗಿದ್ದರೂ ಸರಿ. ಸೊವ್‌ತೆರ್‌ನಿಂದ ಬೋರ್ದೋ ಅಂಚಿನವರೆಗೆ ಮತ್ತೆ ಹಳೆಯ ರೈಲುಮಾರ್ಗದ ಸೈಕಲ್ ದಾರಿ. 1937ರ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯ ಗೆದ್ದ ರೋಜೆ ಲಾಪೆಬಿಯ ಹೆಸರನ್ನು ಅದಕ್ಕಿಟ್ಟಿದ್ದಾರೆ. ನಡುವೆ ಲಾ ಸೋವ್ ಮಜ್ಯೂರ್‌ನಲ್ಲಿ 1079ರಲ್ಲಿ ಸ್ಥಾಪಿಸಿದ ಮಠದ ಅವಶೇಷವಿದೆ.

ರೈಲಿನ ಚಿಂತೆ ಬೇಡ. ತುಲೂಸ್ ಮತ್ತು ಬೋರ್ದೋ ನಡುವಿನ ಹಳಿ ಬಹುದೂರ ಕಾಲುವೆಯ ಮಗ್ಗುಲಲ್ಲೇ ಸಾಗುತ್ತದೆ. ಮ್ವಾಸಾಕ್, ಆಜೆನ್, ಮಾರ್ಮಾಂದ್‌ಗಳಲ್ಲಿ ಪ್ರಾದೇಶಿಕ ರೈಲು ಹತ್ತಬಹುದು. ಸೈಕಲ್ ಜಾಗ ಸೀಮಿತವಾದ್ದರಿಂದ ಕಚೇರಿಗೆ ಹೋಗುವವರ ಹೊತ್ತನ್ನು ತಪ್ಪಿಸಿ. ಹೊರಡುವ ದಿನ ಗಾಳಿಯನ್ನೂ ನೋಡಿ: ಇಲ್ಲಿ ಓತಾಂ ಎಂಬ ಆಗ್ನೇಯದ ಗಾಳಿ ಬೀಸಿದರೆ ಮ್ವಾಸಾಕ್‌ವರೆಗೂ ಬೆನ್ನು ತಳ್ಳುತ್ತದೆ, ಪಶ್ಚಿಮದ ಗಾಳಿ ಜೋರಾಗಿದ್ದರೆ ಬೆಳಿಗ್ಗೆ ರೈಲಿನಲ್ಲಿ ಮ್ವಾಸಾಕ್‌ಗೆ ಹೋಗಿ ಮಠ ನೋಡಿಕೊಂಡು ತುಲೂಸ್ ಕಡೆಗೆ ಸವಾರಿ ಮಾಡಿ.