ಸಹಾಯ ಬೇಕು: ಟಿಟಿಎಫ್ ಕಡತವನ್ನೇ ಫಾಂಟಿನ ಮೂಲ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಜಿಪಿಎಲ್ (ಮೂಲವನ್ನೂ ಕೊಡಬೇಕೆನ್ನುವ ಮುಕ್ತ ತಂತ್ರಾಂಶ ಪರವಾನಗಿ) ಅಡಿಯ ಒಂದು ಕನ್ನಡ ಫಾಂಟನ್ನು, ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್‌ಗಾಗಿ ಪ್ಯಾಕೇಜ್ ಮಾಡಲು ಹೊರಟು ನಡುವೆಯೇ ಸಿಕ್ಕಿಕೊಂಡಿದ್ದೇನೆ. ಕೈಯಲ್ಲಿರುವುದು ಟಿಟಿಎಫ್ ಕಡತ, ಅಂದರೆ ಬಳಕೆಗೆ ಸಿದ್ಧವಾದ ಫಾಂಟ್ ಕಡತ ಮಾತ್ರ. ವಿನ್ಯಾಸಕರನ್ನು ಕೇಳಿದೆ. ಫಾಂಟ್ ರಚಿಸುವ ತಂತ್ರಾಂಶವಾದ ಫಾಂಟ್‌ಫೋರ್ಜ್‌ನಲ್ಲಿ ರಚಿಸಿದ್ದ ಎಸ್‌ಎಫ್‌ಡಿ ಕಡತ (ಆ ತಂತ್ರಾಂಶ ವಿನ್ಯಾಸವನ್ನು ಉಳಿಸಿಡುವ ರೂಪ) ಹಳೆಯ ಕಂಪ್ಯೂಟರಿನ ಜೊತೆಗೇ ಹೋಯಿತು ಎಂದರು.

ಬದಲಾವಣೆ ಮಾಡಲು ಜನ ಯಾವ ರೂಪವನ್ನು ಮೆಚ್ಚಿ ಆರಿಸಿಕೊಳ್ಳುತ್ತಾರೋ ಅದೇ ಮೂಲ ಎನ್ನುತ್ತದೆ ಜಿಪಿಎಲ್. ಪ್ರೋಗ್ರಾಮುಗಳಿಗೆ ಈ ಮಾತು ಸಲೀಸಾಗಿ ಹೊಂದುತ್ತದೆ. ಫಾಂಟಿಗೆ ಬಂದಾಗ ಗೋಜಲು ಶುರುವಾಗುತ್ತದೆ. ಟಿಟಿಎಫ್ ಅನ್ನು ಫಾಂಟ್‌ಫೋರ್ಜ್‌ನಲ್ಲಿ ತೆರೆದು ನೋಡಿದೆ. ತೆರೆಯುತ್ತದೆ, ತಿದ್ದಲೂ ಬರುತ್ತದೆ. ಆದರೆ ಕ್ಯೂಬಿಕ್ (ಮೂರನೇ ಘಾತದ) ವಕ್ರರೇಖೆಗಳೆಲ್ಲ ಕ್ವಾಡ್ರಾಟಿಕ್ (ಎರಡನೇ ಘಾತದವು) ಆಗಿ ಬಿಂದುಗಳು ಹೆಚ್ಚಿವೆ. ಬೇರೆ ಬೇರೆಯಾಗಿ ಬರೆದಿದ್ದ ತಲೆಕಟ್ಟು, ಕೊಂಬು ಬೆಸೆದು ಒಂದೇ ಆಕೃತಿಯಾಗಿವೆ. ಒತ್ತಕ್ಷರ ಕೂಡಿಸುವ ನಿಯಮಗಳು ಉಳಿದಿದ್ದರೂ ಅವುಗಳಿಗೆ ವಿನ್ಯಾಸಕರು ಕೊಟ್ಟಿದ್ದ ಹೆಸರುಗಳಿಲ್ಲ. ಯಾವುದು ಯಾವುದಕ್ಕೆ ಎಂದು ತಿಳಿಯಲು ಒಂದೊಂದನ್ನೂ ಬಿಡಿಸಿ ನೋಡಬೇಕು. ಇಂಥದ್ದನ್ನು ಯಾರೂ ಮೆಚ್ಚಿ ಆರಿಸಿಕೊಳ್ಳಲಾರರು. ಆದರೆ ಇದಕ್ಕಿಂತ ಉತ್ತಮ ರೂಪ ಈಗ ಜಗತ್ತಿನಲ್ಲಿ ಎಲ್ಲಿಯೂ ಇಲ್ಲವಲ್ಲ!

ಓಪನ್ ಫಾಂಟ್ ಲೈಸೆನ್ಸ್ ಆಗಿದ್ದರೆ ಮೂಲ ಕಡತ ಕೊಡಲೇಬೇಕೆಂಬ ಒತ್ತಾಯ ಪರವಾನಗಿಯಿಂದ ಬರುತ್ತಿರಲಿಲ್ಲ. ಇಲ್ಲಿ ಆ ದಾರಿಯಿಲ್ಲ. ಒಳ್ಳೆಯ ಫಾಂಟು, ಮೂಲೆಗೆ ಬೀಳಬಾರದು.

ತಿಳಿದವರು ದಯವಿಟ್ಟು ಹೇಳಿ: ಎಸ್‌ಎಫ್‌ಡಿ ಯಾರ ಬಳಿಯೂ ಇಲ್ಲದಿರುವಾಗ ಟಿಟಿಎಫ್ ಅನ್ನೇ ಮೂಲವೆಂದು ಸಲ್ಲಿಸಬಹುದೇ? ಅಥವಾ ಅದರಿಂದ ಹೊಸ ಎಸ್‌ಎಫ್‌ಡಿ ಸಿದ್ಧಪಡಿಸಿ, ಫಾಂಟನ್ನು ಅದರಿಂದಲೇ ಮತ್ತೆ ಕಟ್ಟಬೇಕೇ?