ಡೀಸೆಲ್ ಪಿಕಪ್ ಎಂಜಿನ್ ಬಾಳಿಕೆ: ರೇಸ್ ಕೊಟ್ಟು ಆಫ್ ಮಾಡಬೇಕಾ?

ಪ್ರಶ್ನೆ:
ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್ ತಗೊಂಡು ಆರು ತಿಂಗಳಾಯಿತು. ಟರ್ಬೊ ಇರುವ ಕಾಮನ್ ರೈಲ್ ಎಂಜಿನ್, ಅಂದರೆ ಒಂದೇ ಪೈಪಿನಿಂದ ಎಲ್ಲ ಸಿಲಿಂಡರಿಗೂ ಜೋರು ಒತ್ತಡದಲ್ಲಿ ಡೀಸೆಲ್ ಹೋಗುವಂಥದ್ದು. 90,000 ಕಿ.ಮೀ. ಓಡಿದೆ. ವಾರಕ್ಕೆ ಎರಡು ದಿನ ಲೋಡ್ ಹಾಕಿಕೊಂಡು ಘಾಟಿ ಹತ್ತುತ್ತೇನೆ. ಉಳಿದ ದಿನ ಖಾಲಿ ಗಾಡಿಯಲ್ಲಿ ಮೂರ್ನಾಲ್ಕು ಕಿ.ಮೀ. ಓಡಾಟ ಅಷ್ಟೇ. ಎಂಜಿನ್ ಬಿಚ್ಚದೆ 3 ಲಕ್ಷ ಕಿ.ಮೀ. ದಾಟಬೇಕು ಅನ್ನೋದು ನನ್ನ ಆಸೆ. ಬೆಳಿಗ್ಗೆ 10 ನಿಮಿಷ ನಿಲ್ಲಿಸಿ ಬಿಸಿ ಮಾಡು ಅಂತ ಒಬ್ಬರು ಹೇಳುತ್ತಾರೆ, ಬೇಡವೇ ಬೇಡ ಅಂತ ಇನ್ನೊಬ್ಬರು. ಆಫ್ ಮಾಡುವ ಮುಂಚೆ ಒಂದು ಸಲ ರೇಸ್ ಕೊಡಬೇಕು ಅಂತ ಹಿಂದಿನ ಮಾಲೀಕರು ಹೇಳಿಕೊಟ್ಟಿದ್ದರು, ಹಾಗೇ ಮಾಡುತ್ತಿದ್ದೇನೆ. ಯಾವುದು ಸರಿ?

ಉತ್ತರ (ಡೀಸೆಲ್ ಮೆಕ್ಯಾನಿಕ್):
ಕೊನೆಯದನ್ನೇ ಮೊದಲು ಹೇಳುತ್ತೇನೆ. ರೇಸ್ ಕೊಟ್ಟು ಆಫ್ ಮಾಡುವುದನ್ನು ಇವತ್ತಿಂದಲೇ ಬಿಟ್ಟುಬಿಡಿ.

ಟರ್ಬೊ ಅಂದರೆ ಎಂಜಿನ್ ಬಿಡುವ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ. ಅದರ ಶಾಫ್ಟ್ ಜೋರಾಗಿ ಕೆಲಸ ಮಾಡುವಾಗ ನಿಮಿಷಕ್ಕೆ 1 ಲಕ್ಷ ಸುತ್ತಿಗಿಂತ ಜಾಸ್ತಿ ತಿರುಗುತ್ತದೆ. ಸಾಮಾನ್ಯವಾಗಿ ಅದು ಬುಶ್ ಒಳಗೆ, ಕೂದಲೆಳೆಗಿಂತ ತೆಳ್ಳಗಿನ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ. ಆ ಆಯಿಲ್ ತಳ್ಳುವುದು ಎಂಜಿನ್ನಿನ ಪಂಪ್. ನೀವು ರೇಸ್ ಕೊಟ್ಟು ಕೀ ತಿರುಗಿಸಿದರೆ ಪಂಪ್ ನಿಂತಿತು, ಶಾಫ್ಟ್ ಇನ್ನೂ ತಿರುಗುತ್ತಲೇ ಇದೆ. ಮೇಲಿಂದ, ಘಾಟಿ ಹತ್ತಿ ಬಂದ ಟರ್ಬೊಗೆ ಬರುವ ಹೊಗೆ 700 ಡಿಗ್ರಿ ದಾಟಿರುತ್ತದೆ. ನಿಂತ ಆಯಿಲ್ ಅಲ್ಲೇ ಸುಟ್ಟು ಗಟ್ಟಿಯಾಗುತ್ತದೆ. ಹೀಗೆ ಹಾಳಾದ ಟರ್ಬೊ ಬಿಚ್ಚಿದರೆ ಶಾಫ್ಟ್ ನೀಲಿಗಟ್ಟಿರುತ್ತದೆ. ಬುಶ್ ಸುತ್ತ ಕರಿ ಹರಳು. ಉಗುರಿನಿಂದ ಕೆರೆದರೆ ಏನೂ ಬರುವುದಿಲ್ಲ, ಚೂಪು ಉಪಕರಣವೇ ಬೇಕು. ಅದನ್ನು ನೋಡಿದಾಗಲೆಲ್ಲ ಬೇಜಾರಾಗುತ್ತದೆ, ಯಾಕಂದ್ರೆ ಎರಡು ನಿಮಿಷ ಕಾದಿದ್ದರೆ ಅದು ಉಳಿಯುತ್ತಿತ್ತು.

ಲೋಡ್ ಎಳೆದು ಬಂದರೆ ಒಂದೆರಡು ನಿಮಿಷ ಐಡಲಿನಲ್ಲಿ ಬಿಡಿ, ಆಮೇಲೆ ಆಫ್. ಕೊನೆಯ ಎರಡು ಕಿ.ಮೀ. ನಿಧಾನಕ್ಕೆ ಬಂದಿದ್ದರೆ ಅರ್ಧ ನಿಮಿಷ ಸಾಕು.

ಬೆಳಿಗ್ಗೆ 10 ನಿಮಿಷ ಬೇಡ. ಸ್ಟಾರ್ಟ್‌ಗೆ ಮುಂಚೆ ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್‌ನ ದೀಪ ಆರಲಿ, ಸ್ಟಾರ್ಟ್ ಮಾಡಿ, 20–30 ಸೆಕೆಂಡ್ ಬಿಟ್ಟು ಹೊರಡಿ. ಡೀಸೆಲ್ ಎಂಜಿನ್ ನಿಂತಲ್ಲೇ ಬಿಸಿಯಾಗುವುದು ತುಂಬಾ ನಿಧಾನ. ತಣ್ಣಗಿರುವಾಗ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉಳಿದದ್ದು ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಕೊಂಡು ಕೆಳಗಿಳಿಯುತ್ತದೆ, ಮಸಿ ಇಜಿಆರ್ ವಾಲ್ವಿನಲ್ಲಿ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್) ಕೂರುತ್ತದೆ. ಹೊರಟ ಮೇಲೆ ಬಿಸಿಯ ಮುಳ್ಳು ಮಧ್ಯಕ್ಕೆ ಬರುವವರೆಗೆ 2,000 ಆರ್‌ಪಿಎಂ ಆಸುಪಾಸಿನಲ್ಲೇ ಓಡಿಸಿ. ಮುಳ್ಳು ತೋರಿಸುವುದು ಕೂಲೆಂಟ್ ಬಿಸಿ. ಆಯಿಲ್ ಬಿಸಿಯಾಗೋಕೆ ಇನ್ನೂ ಐದಾರು ನಿಮಿಷ ಬೇಕು. ಅಲ್ಲಿವರೆಗೆ ಪೆಡಲ್ ಪೂರ್ತಿ ಒತ್ತಬೇಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ಡೀಸೆಲ್ ಉಳಿಸೋಕೆ ನಾನು ಏರಿನಲ್ಲೂ ಟಾಪ್ ಗೇರಲ್ಲೇ ಹೋಗುತ್ತೇನೆ. 1,200 ಆರ್‌ಪಿಎಂನಲ್ಲೂ ಎಳೆಯುತ್ತದೆ. ತೊಂದರೆ ಇಲ್ಲ ಅಲ್ವಾ?

ಉತ್ತರ:
ತೊಂದರೆ ಇದೆ. ಅಷ್ಟು ಕಡಿಮೆ ಆರ್‌ಪಿಎಂನಲ್ಲಿ ಪೆಡಲ್ ಒತ್ತಿ ಹಿಡಿದರೆ ಪಿಸ್ಟನ್ ಮೇಲಿನ ಒತ್ತಡ ಪೂರ್ತಿ ಬೀಳುತ್ತದೆ, ಆದರೆ ಬೇರಿಂಗ್ ಕಾಯುವ ಆಯಿಲ್ ಪದರ ತೆಳ್ಳಗಿರುತ್ತದೆ. ಗೇರ್ ಲಿವರ್ ಮೇಲೆ ಕೈ ಇಟ್ಟು ನೋಡಿ, ನಡುಕ ಗೊತ್ತಾಗುತ್ತದೆ. ಆ ನಡುಕ ಫ್ಲೈವೀಲಿಗೂ ಹೋಗುತ್ತದೆ. ಒಂದು ಗೇರ್ ಇಳಿಸಿ. ಈ ಎಂಜಿನ್‌ಗಳು ಸಾಮಾನ್ಯವಾಗಿ 1,800ರಿಂದ 2,500ರ ಒಳಗೆ ಆರಾಮಾಗಿ ಎಳೆಯುತ್ತವೆ.

ಪ್ರಶ್ನೆ (ಮೂರನೆಯವರು):
ಡೀಸೆಲ್ ಫಿಲ್ಟರ್ ದೀಪ ಆಗಾಗ ಬರುತ್ತದೆ, ತಾನೇ ಹೋಗುತ್ತದೆ. ಸುಮ್ನೆ ಬಿಡಬಹುದಾ?

ಉತ್ತರ:
ಬಿಡಬೇಡಿ. ಅದು ನೀರಿನ ದೀಪ. ಫಿಲ್ಟರ್ ಕೆಳಗೆ ಒಂದು ಚಿಕ್ಕ ತಿರುಪು ಇರುತ್ತದೆ. ಗಾಜಿನ ಲೋಟ ಹಿಡಿದು ಅದನ್ನು ಸಡಿಲಿಸಿ, ಎರಡು ನಿಮಿಷ ಬಿಟ್ಟು ನೋಡಿ. ನೀರು ಗುಳ್ಳೆಯ ಹಾಗೆ ತಳದಲ್ಲಿ ಬೇರೆಯಾಗಿ ಕೂತಿರುತ್ತದೆ. ಬರೀ ಡೀಸೆಲ್ ಬರುವವರೆಗೆ ಹರಿಸಿ, ತಿರುಪು ಬಿಗಿ ಮಾಡಿ, ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತುವ ಡೀಸೆಲ್ ಪಂಪ್) ಇದ್ದರೆ ಗಟ್ಟಿಯಾಗುವ ತನಕ ಒತ್ತಿ.

ಇದಕ್ಕೆ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಟೈರಿನಲ್ಲಿರುವ ಗಾಳಿ 3 ಬಾರ್ ಆಸುಪಾಸು. ಕಾಮನ್ ರೈಲಿನಲ್ಲಿ ಡೀಸೆಲ್ ಒತ್ತಡ 1,600 ಬಾರ್‌ಗಿಂತ ಮೇಲೆ ಹೋಗುತ್ತದೆ. ಆ ಒತ್ತಡ ಕೊಡುವ ಪಂಪಿಗೆ ಜಾರಿಕೆ ಕೊಡುವುದು ಡೀಸೆಲ್ಲೇ, ಬೇರೆ ಆಯಿಲ್ ಇಲ್ಲ. ನೀರು ಒಳಗೆ ಹೋದರೆ ಲೋಹ ಲೋಹಕ್ಕೆ ಉಜ್ಜಿ ಸಣ್ಣ ಪುಡಿ ಏಳುತ್ತದೆ. ಆ ಪುಡಿ ನೇರ ಸಿಲಿಂಡರಿಗೆ ಡೀಸೆಲ್ ಚಿಮುಕಿಸುವ ಇಂಜೆಕ್ಟರಿಗೆ. ಆಮೇಲೆ ಪಂಪು, ರೈಲು, ನಾಲ್ಕೂ ಇಂಜೆಕ್ಟರು ಎಲ್ಲಾ ಒಟ್ಟಿಗೇ ಹೋಗುತ್ತವೆ.

ಏರ್ ಫಿಲ್ಟರಿಗೂ ಒಂದು ಮಾತು. ಕಂಪ್ರೆಸರ್ ಗಾಳಿಯಲ್ಲಿ ಊದಿ ಮತ್ತೆ ಹಾಕಬೇಡಿ. ಜೋರು ಗಾಳಿಗೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ, ಧೂಳು ನೇರವಾಗಿ ಪಿಸ್ಟನ್ ರಿಂಗ್ ತನಕ ಹೋಗುತ್ತದೆ. ಕೂಲೆಂಟ್ ಜಾಗಕ್ಕೆ ಬರೀ ನೀರು ಹಾಕುವುದೂ ಬೇಡ.

ಪ್ರಶ್ನೆ (ಮೊದಲು ಕೇಳಿದವರು):
ತುಂಬಾ ಉಪಕಾರ ಆಯಿತು. ಆಯಿಲ್ ಎಷ್ಟು ಕಿ.ಮೀ.ಗೆ ಬದಲಾಯಿಸಲಿ? ಹಾಕಿದ ವಾರಕ್ಕೇ ಕಪ್ಪಾಗಿದೆ. ಇನ್ನೊಂದು, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಎರಡು ಸಲ ಬಂದಿತ್ತು.

ಉತ್ತರ:
ಕಪ್ಪಾಗಿದ್ದಕ್ಕೆ ಹೆದರಬೇಡಿ. ಡೀಸೆಲ್ ಆಯಿಲ್ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದೇ ಅದರ ಕೆಲಸ. ನಿಮ್ಮ ಗಾಡಿಯ ಪುಸ್ತಕದಲ್ಲಿ ಲೋಡ್, ಧೂಳು, ಸಣ್ಣ ಓಡಾಟಕ್ಕೆ ಬೇರೆ ಅಂತರ ಕೊಟ್ಟಿರುತ್ತಾರೆ. ಅದನ್ನೇ ಪಾಲಿಸಿ. ಅಷ್ಟು ಕಿ.ಮೀ. ಓಡದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿ. ಡಿಪಿಎಫ್ ಇರುವುದರಿಂದ ಬೂದಿ ಕಡಿಮೆ ಇರುವ ಗ್ರೇಡ್ ಬೇಕೇ ಬೇಕು. ಮಸಿ ಸುಟ್ಟು ಹೋಗುತ್ತದೆ, ಬೂದಿ ಅಲ್ಲೇ ಉಳಿಯುತ್ತದೆ.

ನನಗೆ ಚಿಂತೆ ಆಗಿರುವುದು ಆ ದೀಪದ್ದು. ಡಿಪಿಎಫ್ ತನ್ನ ಮಸಿ ಸುಡೋಕೆ ಸುಮಾರು 600 ಡಿಗ್ರಿ ಬೇಕು. ಅದಕ್ಕಾಗಿ ಎಂಜಿನ್ ಸ್ವಲ್ಪ ಹೆಚ್ಚು ಡೀಸೆಲ್ ಹಾಕುತ್ತದೆ. ನೀವು ಮೂರು ಕಿ.ಮೀ. ಹೋಗಿ ಮಧ್ಯದಲ್ಲೇ ಆಫ್ ಮಾಡಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮುಂದಿನ ಸಲ ಮತ್ತೆ ಮೊದಲಿಂದ. ಹೀಗೆ ಆದಾಗಲೆಲ್ಲ ಒಂದಿಷ್ಟು ಡೀಸೆಲ್ ಕೆಳಗಿಳಿದು ಆಯಿಲ್ ಜೊತೆ ಸೇರುತ್ತದೆ. ವಾರಕ್ಕೊಮ್ಮೆ 20–30 ನಿಮಿಷ ನಿಲ್ಲದೆ 2,000ದ ಮೇಲೆ ಓಡಿಸಿ. ಈಗ ಒಂದು ಕೆಲಸ ಮಾಡಿ. ಗಾಡಿ ಸಮ ನೆಲದಲ್ಲಿ ನಿಲ್ಲಿಸಿ, ತಣ್ಣಗಾದ ಮೇಲೆ ಡಿಪ್‌ಸ್ಟಿಕ್ ಎಳೆದು ನೋಡಿ ಹೇಳಿ.

ಮೊದಲು ಕೇಳಿದವರು:
ನೋಡಿದೆ. ಮೇಲಿನ ಗುರುತಿಗಿಂತ ಒಂದು ಬೆರಳಷ್ಟು ಮೇಲಿದೆ. ನಾನು ಟಾಪ್ ಅಪ್ ಮಾಡೇ ಇಲ್ಲ. ಮೂಸಿದರೆ ಡೀಸೆಲ್ ವಾಸನೆ.

ಉತ್ತರ:
ಹಾಲಿನ ಹಾಗೆ ಬೆಳ್ಳಗಾಗಿಲ್ಲ ಅಂದರೆ ಕೂಲೆಂಟ್ ಸೇರಿಲ್ಲ, ಡೀಸೆಲ್ಲೇ. ಇನ್ನು ಸ್ಟಾರ್ಟ್ ಮಾಡಬೇಡಿ. ತೆಳ್ಳಗಾದ ಆಯಿಲ್ ಬೇರಿಂಗ್ ಕಾಯುವುದಿಲ್ಲ. ಮಟ್ಟ ಇನ್ನೂ ಏರಿದರೆ ಅದು ಉಸಿರು ಪೈಪಿನಿಂದ ಒಳಗೆ ಎಳೆಯಲ್ಪಟ್ಟು ಎಂಜಿನ್ ತನ್ನ ಆಯಿಲನ್ನೇ ಉರಿಸಿಕೊಂಡು ಓಡಬಹುದು. ಆಗ ಕೀ ತೆಗೆದರೂ ನಿಲ್ಲುವುದಿಲ್ಲ. ಮೆಕ್ಯಾನಿಕ್ಕನ್ನು ಗಾಡಿ ಇರುವಲ್ಲಿಗೇ ಕರೆಸಿ, ಆಯಿಲು, ಫಿಲ್ಟರು ಎರಡೂ ಬದಲಾಯಿಸಿ. ಇಂಜೆಕ್ಟರ್ ಸೋರುತ್ತಿದೆಯಾ ಅಂತ ನೋಡಿಸಿ. ಡಿಪಿಎಫ್‌ನಲ್ಲಿ ಎಷ್ಟು ಮಸಿ ಇದೆ ಅಂತ ಸ್ಕ್ಯಾನರಿನಲ್ಲಿ ಓದಿಸಿ, ಬಂದ ಅಂಕಿ ಇಲ್ಲಿ ಹಾಕಿ. ಮುಂದೇನು ಅಂತ ಅದನ್ನು ನೋಡಿ ಹೇಳುತ್ತೇನೆ.